ಮುಳುಗಿದ ಹಣ್ಣಿನ ರುಚಿ

ತೊಟ್ಟಿಯ ನೀರಿನ ಮೇಲೆ ತೇಲುವ ಕೆಂಪು ಹಣ್ಣು. ಆ ಗುಡ್ಡದ ಕಾಫಿ ಎಂದರೆ ಮೊದಲು ನನ್ನ ಕಣ್ಣಿಗೆ ಬರುವುದು ಅದೇ. ಕೊಯ್ದದ್ದನ್ನು ನೀರಿಗೆ ಸುರಿದರೆ ಗಟ್ಟಿ ಹಣ್ಣು ಮುಳುಗುತ್ತಿತ್ತು, ಜೊಳ್ಳು ತೇಲುತ್ತಿತ್ತು. ಮುಳುಗಿದ್ದು ಮಾರಾಟಕ್ಕೆ, ತೇಲಿದ್ದು ಮನೆಗೆ. ಆ ಜೊಳ್ಳನ್ನೇ ಹುರಿದು, ಪುಡಿ ಮಾಡಿ, ಕಹಿ ಮರೆಯುವಷ್ಟು ಬೆಲ್ಲ ಹಾಕಿ ಅಲ್ಲಿನ ಬೆಳೆಗಾರರು ಕುಡಿಯುತ್ತಿದ್ದರು. ಗುಡ್ಡದ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆದರೆ ನನಗೂ ನೋಟೀಸು ಬರಬಹುದು.

ಪೇಟೆಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿತ್ತು. ಇನ್ನು ಮೇಲೆ ಬೀಜ ಮಾರುವುದು ಬಿಟ್ಟು ತಾವೇ ಪುಡಿ ಮಾಡಿ, ಗುಡ್ಡದ ಹೆಸರಲ್ಲೇ ಮಾರುವುದೆಂದು ಸಣ್ಣ ಬೆಳೆಗಾರರು ಸಂಘ ಕಟ್ಟಿದ್ದರು. ಪೊಟ್ಟಣದ ಚೀಟಿ ಅಚ್ಚು ಹಾಕಿಸಲು ಬಂದವರು ಸಂಘದ ಅಧ್ಯಕ್ಷೆ ಚೆಲುವಾಜಮ್ಮ. ಗಂಡಸರು ಅವರನ್ನು ಆರಿಸಿದ್ದು ಗೌರವದಿಂದೇನಲ್ಲ, ಕಚೇರಿ ಅಲೆಯುವ ಕೆಲಸ ತಮಗೆ ಬೇಡವೆಂದು.

ಚೀಟಿಯ ಮಸಿ ಆರುವ ಮುಂಚೆಯೇ ನೋಟೀಸು ಬಂತು. ಇಷ್ಟು ವರ್ಷ ಇವರ ಬೀಜ ಕೊಳ್ಳುತ್ತಿದ್ದ ಕಂಪನಿ, ಆ ಹೆಸರು ತನ್ನದೆಂದು ನೋಂದಣಿಗೆ ಅರ್ಜಿ ಹಾಕಿತ್ತು.

“ಗುಡ್ಡ ಹುಟ್ಟಿದಾಗ ಇವ್ರೇನು ತೊಟ್ಲು ಶಾಸ್ತ್ರ ಮಾಡಿದ್ರಾ? ನಡಿ ಪ್ರೆಸ್ಸಣ್ಣ, ನೀನೂ ಬಾ” ಎಂದರು ಚೆಲುವಾಜಮ್ಮ.

ನೋಂದಣಿ ಕಚೇರಿಯ ವಿಚಾರಣೆಗೆ ನಾನೂ, ಸಂಘದ ಲಕ್ಷ್ಮೇಗೌಡನೂ ಜೊತೆಗೆ ಹೋದೆವು. ಅಧಿಕಾರಿ ಸಭ್ಯಸ್ಥ. ಕುರ್ಚಿ ಕೊಟ್ಟೇ ಕತ್ತು ಕುಯ್ಯುವ ಪೈಕಿ.

“ನೋಡಿ ಅಮ್ಮ, ಹೆಸರು ನಿಮ್ಮದು ಅನ್ನೋದಾದ್ರೆ, ನಿಮ್ಮ ಕಾಫಿ ಬೇರೆ ಕಡೆಯದಕ್ಕಿಂತ ಹೇಗೆ ಬೇರೆ ಅಂತ ಹೇಳ್ಬೇಕು. ರುಚಿ ಹೇಗಿರುತ್ತೆ?”

ಚೆಲುವಾಜಮ್ಮ ಲಕ್ಷ್ಮೇಗೌಡನ ಕಡೆ ನೋಡಿದರು. ಅವನು ಫ್ಯಾನಿನ ಕಡೆ ನೋಡಿದ.

“ಸ್ವಾಮಿ, ಗಿಡದ ವಿಚಾರ ಕೇಳಿ, ಮಣ್ಣಿನ ವಿಚಾರ ಕೇಳಿ...”

“ರುಚಿ, ಅಮ್ಮ.”

“ಕುಡಿದಿಲ್ಲ ಸ್ವಾಮಿ. ಮಾರೋ ಮಾಲನ್ನ ಮನೇಲಿ ಕುಡಿಯಕ್ಕಾಗುತ್ತಾ?”

ನನ್ನ ಕಣ್ಣಿಗೆ ಆ ತೊಟ್ಟಿ ಬಂತು. ಕಂಪನಿಯ ವಕೀಲ ನಕ್ಕ. “ತಾವೇ ಕುಡಿಯದ ಕಾಫಿಗೆ ಹೆಸರು ಕೇಳ್ತಿದ್ದಾರೆ ಸಾರ್!”

ಆಮೇಲೆ ಎದ್ದವನು ಕಂಪನಿಯ ರುಚಿಗಾರ. ಸಂಬಳ ಪಡೆದು ಕಾಫಿ ಹೀರುವವನು. ಫ್ಲಾಸ್ಕಿನಿಂದ ಆ ಗುಡ್ಡದ ಕಾಫಿ ಬಗ್ಗಿಸಿದ, ಒಂದು ಚಮಚ ಸುರ್ರೆಂದು ಹೀರಿದ, ಬಾಯೊಳಗೆ ತಿರುಗಿಸಿದ, ಹೊಳೆಯುವ ಬಟ್ಟಲೊಂದಕ್ಕೆ ಉಗಿದ. “ಕಿತ್ತಳೆ ಸಿಪ್ಪೆಯ ಘಮ. ಕೊನೆಗೆ ಜೇನಿನ ಎಳೆ” ಎಂದ. ಅಧಿಕಾರಿ ಬರೆದುಕೊಂಡರು.

ತಲೆಮಾರುಗಳಿಂದ ಇವರು ಬಾಯಿಗೆ ಹಾಕದೆ ಉಳಿಸಿದ್ದನ್ನು ಆತ ಉಗಿದ; ಉಗಿದವನ ಮಾತೇ ಸಾಕ್ಷಿಯಾಯಿತು! ನೆಟ್ಟವರಿಗೆ ಇಲ್ಲದ ಹಕ್ಕು ಒಂದು ಚಮಚಕ್ಕೆ ಸಿಕ್ಕಿತು. ತಿಳಿದವರು ನನಗೆ ಆಮೇಲೆ, ಕಾನೂನು ತಪ್ಪಲಿಲ್ಲ ಎಂದು ವಿವರಿಸಿದ್ದಾರೆ. ಆ ವಿವರಣೆ ಕೇಳಿದಾಗಲೆಲ್ಲ ನನ್ನ ಮೈ ಉರಿದಿದೆ.

ಹೆಸರು ಕಂಪನಿಯ ಪಾಲಾಯಿತು. ಮೂವರೂ ಗುಡ್ಡಕ್ಕೆ ಮರಳುವ ಬಸ್ಸಿನಲ್ಲಿ ಲಕ್ಷ್ಮೇಗೌಡ ಗೊಣಗಿದ. “ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತಕ್ಕಾ? ಅಮೃತದ ಥರ ಅಂದಿದ್ರೆ ಮುಗೀತಿತ್ತು.”

“ಫ್ಯಾನ್ ನೋಡ್ತಾ ಕೂತಿದ್ಯಲ್ಲ, ನೀನೇ ಬೊಗಳಬೇಕಿತ್ತು.”

ಮರುದಿನ ಬೆಳಿಗ್ಗೆ ಚೆಲುವಾಜಮ್ಮ, ಮಾರಾಟಕ್ಕೆಂದು ಹೊಲಿದಿಟ್ಟಿದ್ದ ಗಟ್ಟಿ ಬೀಜದ ಮೂಟೆಯನ್ನು ಬಿಚ್ಚಿ, ಅಂಗಳದಲ್ಲಿ ಕಬ್ಬಿಣದ ಬಾಣಲೆ ಇಟ್ಟರು. ಹೊಗೆ ಬೀದಿಗಿಳಿಯಿತು. ಹುಟ್ಟಿದಾಗಿನಿಂದ ಅದನ್ನೇ ಬೆಳೆದ ಜನ ಬಾಗಿಲಿಗೆ ಬಂದು, “ಯಾರ ಮನೇದು ಈ ವಾಸ್ನೆ? ಏನು ಹುರೀತಿದಾರೆ?” ಎಂದು ಒಬ್ಬರನ್ನೊಬ್ಬರು ಕೇಳಿದರು.

ಬೆಲ್ಲವಿಲ್ಲದೆ ಸೋಸಿದ ಡಿಕಾಕ್ಷನ್. ಮೊದಲ ಗುಟುಕು ಅವರದು.

“ಹೆಂಗಿದೆ ಅಕ್ಕಾ?” ಎಂದ ಲಕ್ಷ್ಮೇಗೌಡ.

ಅವರು ಅಂಗೈ ಎತ್ತಿ ತಡೆದರು. ಕಣ್ಣು ಮುಚ್ಚಿತ್ತು, ಕೆನ್ನೆ ತುಸು ಉಬ್ಬಿತ್ತು. ಅಂಗಳದ ತುಂಬ ನಿಂತ ನಾವೆಲ್ಲ ಲೋಟ ಹಿಡಿದು, ಅವರು ನುಂಗುವುದನ್ನೇ ಕಾಯುತ್ತಿದ್ದೆವು.