ಅಡಿಗೆರೆ ಎಳೆದ ಸಾಲು

ಸಾಲು ಇಷ್ಟೇ: ‘ಚಿಕಿತ್ಸೆ ನಡೆಯುವಾಗ ಪರದೆಯ ಮೇಲೆ ಬರುವುದನ್ನು ಚಿಕ್ಕಮ್ಮ ಓದಿ ಗಂಡನಿಗೆ ಹೇಳುತ್ತಾಳೆ.’ ಪಕ್ಕದಲ್ಲಿ ನಾಲ್ಕು ಎಂಬ ಅಂಕಿ. ಕೆಳಗೆ ನಾನೇ ಎಳೆದ ಕೆಂಪು ಗೆರೆ.

ಚಿಕ್ಕಮ್ಮ ಎಂಬುವಳು ಎಲ್ಲೂ ಇಲ್ಲ. ಮೂತ್ರಪಿಂಡ ಸೋತವರು ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವ ಯಂತ್ರವೊಂದನ್ನು ನಮ್ಮ ಕಚೇರಿ ಹೊಸದಾಗಿ ವಿನ್ಯಾಸ ಮಾಡುತ್ತಿತ್ತು. ಕಬ್ಬಿಣ ಮುಟ್ಟುವ ಮೊದಲು ನಾವು ಮನೆಗಳಿಗೆ ಹೋಗುತ್ತೇವೆ. ಆ ಸಲ ನಾನು ಒಂಬತ್ತು ಮನೆಗೆ ಹೋಗಿದ್ದೆ. ಹಳೆಯ ಯಂತ್ರವನ್ನು ಯಾರು ಹೇಗೆ ನಡೆಸುತ್ತಾರೆಂದು ಬರೆದುಕೊಂಡು ಬಂದೆ. ಆ ಒಂಬತ್ತು ಮನೆಗಳಿಂದ ಇಬ್ಬರು ಇಲ್ಲದ ಮನುಷ್ಯರನ್ನು ಕಟ್ಟಿದೆವು: ಒಬ್ಬ ರೋಗಿ, ಅವನ ಪಕ್ಕದಲ್ಲಿ ನಿಲ್ಲುವ ಹೆಂಡತಿ. ಇಂಥವರನ್ನು ಪಾತ್ರ ಎನ್ನುತ್ತೇವೆ. ಅವರ ದಿನದ ಒಂದು ಗಳಿಗೆಯನ್ನು ನಡೆದ ಹಾಗೆ ಬರೆದರೆ ಅದು ಸನ್ನಿವೇಶ. ಚಿತ್ರಗಾರ ಹೆಂಡತಿಯ ಪಾತ್ರಕ್ಕೆ ಒಂದು ಮುಖ ಬರೆದು, ಕನ್ನಡಕ ಹಾಕಿ, ಅವಳ ಸಾಲುಗಳ ಜೊತೆ ಗೋಡೆಗೆ ಅಂಟಿಸಿದ. ಚಿಕ್ಕಮ್ಮ ಎಂದು ಕರೆದವರು ಯಾರೋ ನೆನಪಿಲ್ಲ. ಎರಡು ತಿಂಗಳಲ್ಲಿ ಅವಳು ಕಚೇರಿಯ ಹಿರಿಯಳಾಗಿಬಿಟ್ಟಳು. ಗುಂಡಿ ಎಲ್ಲಿರಬೇಕು, ಕೊಳವೆ ಎಷ್ಟು ಉದ್ದವಿರಬೇಕು ಎಂದು ಜಗಳ ಬಂದರೆ ಯಾರಾದರೂ ಗೋಡೆಯ ಕಡೆ ತಿರುಗಿ, “ಚಿಕ್ಕಮ್ಮನ ಕೈಗೆ ಎಟುಕುತ್ತಾ?” ಎಂದು ಕೇಳುತ್ತಿದ್ದರು. ಜಗಳ ಅಲ್ಲಿಗೆ ನಿಲ್ಲುತ್ತಿತ್ತು.

ನಮ್ಮ ಮುಖ್ಯಸ್ಥರು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು. ಎಲ್ಲರಿಗೂ ಮೇಷ್ಟ್ರು. ಅವರದು ಎರಡು ಕಟ್ಟುನಿಟ್ಟು. ಪಾತ್ರದ ಪ್ರತಿ ಸಾಲಿನ ಪಕ್ಕದಲ್ಲಿ ಅದು ಬಂದ ಮನೆಯ ಸಂಖ್ಯೆ ಇರಬೇಕು. ಕಣ್ಣಾರೆ ಕಂಡದ್ದಕ್ಕೆ ಮಾತ್ರ ಕೆಂಪು ಗೆರೆ, ಕೇಳಿದ್ದಕ್ಕೆ ಇಲ್ಲ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕಾಣದೇ ಇರೋದನ್ನ ಕಂಡೆ ಅಂದವರು ಮನೆ ಸುತ್ತೋದು ಬಿಟ್ಟು ಮೇಜಿನ ಕೆಲಸಕ್ಕೆ ಬರಬಹುದು,” ಎಂದು ಸೇರಿದ ದಿನವೇ ಹೇಳಿದ್ದರು.

ನಾಲ್ಕನೇ ಮನೆಗೆ ನಾನು ತಡವಾಗಿ ತಲುಪಿದ್ದೆ. ಅಷ್ಟರಲ್ಲಿ ಚಿಕಿತ್ಸೆ ಮುಗಿದು ಯಂತ್ರ ಆರಿತ್ತು. “ಸೂಚನೆ ಬಂದ್ರೆ ಯಾರು ಓದ್ತೀರಿ?” ಎಂದು ಕೇಳಿದೆ. “ಇವಳೇ ಓದಿ ಹೇಳ್ತಾಳೆ. ಆ ಹೊತ್ತಿಗೆ ನನ್ನ ಕಣ್ಣು ಮಂಜು,” ಎಂದರು ಗಂಡ. ಹೆಂಡತಿ ತಲೆಯಾಡಿಸಿದರು. ಕಚೇರಿಗೆ ಬಂದು ಬರೆಯುವಾಗ ಕೈ ಕೆಂಪು ಪೆನ್ನಿಗೆ ಹೋಯಿತು. ಕಂಡ ಹಾಗೆಯೇ ಅನ್ನಿಸಿತ್ತು.

ಆ ಗೆರೆಯನ್ನು ನಂಬಿ ಇಂಜಿನಿಯರ್ ಹಳೆಯ ಯಂತ್ರದ ಹನ್ನೊಂದು ದೀಪಗಳನ್ನೂ ತೆಗೆದುಹಾಕಿದ. ಪುಟ್ಟ ಪರದೆಯ ಪಕ್ಕದಲ್ಲಿ ಒಂದೊಂದು ತೊಂದರೆಗೆ ಒಂದೊಂದು ದೀಪ ಉರಿಯುತ್ತಿದ್ದ ಜಾಗದಲ್ಲಿ ಈಗ ದೊಡ್ಡ ಪರದೆಯೊಂದೇ, ಅದರ ಮೇಲೆ ದೊಡ್ಡ ಅಕ್ಷರದ ಎರಡು ಸಾಲು. ಸೋಮವಾರದ ಸಭೆಯಲ್ಲಿ ಒಪ್ಪಿಗೆಯಾದರೆ ನಕ್ಷೆ ಅಚ್ಚಿನ ಕಾರ್ಖಾನೆಗೆ ಹೋಗುತ್ತದೆ. ಅಚ್ಚು ಕೊರೆದ ಮೇಲೆ ಯಾವ ಚಿಕ್ಕಮ್ಮನ ಮಾತೂ ನಡೆಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ರಟ್ಟಿನ ಯಂತ್ರವೊಂದನ್ನು ಹೊತ್ತುಕೊಂಡು ನಾಲ್ಕನೇ ಮನೆಗೆ ಹೋದೆ. ಪರದೆಯ ಜಾಗದಲ್ಲಿ ಕತ್ತರಿಸಿದ ಕಿಂಡಿ. ಹಿಂದಿನಿಂದ ಬರಹದ ಚೀಟಿ ತೂರಿಸಿದರೆ ಸೂಚನೆ ಬಂದಂತೆ.

ಮುಂದಿನ ಕೋಣೆ ಗಡಿಯಾರ ರಿಪೇರಿಯ ಅಂಗಡಿ, ಹಿಂದಿನದು ಮನೆ. ಮಂಚದ ಪಕ್ಕದಲ್ಲಿ ಹಳೆಯ ಯಂತ್ರ, ಅದರ ಮೇಲೆ ಒಗೆದು ಮಡಿಸಿದ ಬಿಳಿ ಬಟ್ಟೆ. ಗಡಿಯಾರದವರು ರಟ್ಟಿನ ಪೆಟ್ಟಿಗೆಯನ್ನು ತಟ್ಟಿ ನೋಡಿದರು.

“ಊರಿನವರ ಟೈಮೆಲ್ಲ ನಾನು ಸರಿ ಮಾಡ್ದೆ. ನನ್ನ ಟೈಮು ಮಾತ್ರ ಪೆಟ್ಟಿಗೆ ಕೈಗೆ ಹೋಯ್ತು. ಇದು ನಿಜವಾದ್ದಕ್ಕಿಂತ ವಾಸಿ, ಚುಚ್ಚಲ್ಲ.”

“ಮಾತು ಸಾಕು, ಮಲಗಿ,” ಎಂದರು ಹೆಂಡತಿ.

ಅಂದಿನದು ಮೂರನೇ ಸನ್ನಿವೇಶ. ಅರ್ಧ ಚಿಕಿತ್ಸೆಯಲ್ಲಿ ರೋಗಿಯ ರಕ್ತದೊತ್ತಡ ಕುಸಿದು ಎಚ್ಚರ ತಪ್ಪುತ್ತದೆ. ಪಕ್ಕದಲ್ಲಿರುವವರು ಸೂಚನೆ ಓದಿ ಸರಿಯಾದ ಗುಂಡಿ ಒತ್ತಬೇಕು. ಗಡಿಯಾರದವರು ಕಣ್ಣು ಮುಚ್ಚಿ ಮಲಗಿದರು. ನಾನು ಚೀಟಿ ತೂರಿಸಿದೆ: ‘ಒತ್ತಡ ಇಳಿದಿದೆ. ಮೈಯಿಂದ ನೀರು ತೆಗೆಯುವುದನ್ನು ನಿಲ್ಲಿಸಿ.’

ಆಕೆ ಬಗ್ಗಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

“ಇದು ದೂರದ್ದು. ಹತ್ತಿರದ ಕನ್ನಡಕ ಎಲ್ಲೋ ಇಟ್ಟೆ.”

“ನಾನು ಓದ್ಲಾ?” ಎಂದರು ಗಂಡ.

“ನೀವು ಮೂರ್ಛೆ ಹೋಗಿದ್ದೀರಿ. ಸುಮ್ನೆ ಬಿದ್ಕೊಳ್ಳಿ.”

ಗಡಿಯಾರದವರು ನಕ್ಕರು. ಆಕೆ ನಗಲಿಲ್ಲ. ಕೈ ಗುಂಡಿಗಳ ಮೇಲೆ ಒಂದು ಸುತ್ತು ಹೋಗಿ ಎಡಗಡೆಯ ಕೊನೆಯದನ್ನು ಒತ್ತಿತು. ಹಳೆಯ ಯಂತ್ರದಲ್ಲಿ ಅಲ್ಲಿದ್ದದ್ದು ಸದ್ದು ನಿಲ್ಲಿಸುವ ಗುಂಡಿ. ನಮ್ಮ ರಟ್ಟಿನಲ್ಲೂ ಅದೇ. ನಿಜವಾದ ಯಂತ್ರವಾಗಿದ್ದರೆ ಮನೆ ನಿಶ್ಶಬ್ದವಾಗುತ್ತಿತ್ತು. ಮಂಚದ ಮೇಲಿನವರ ಒತ್ತಡ ಇನ್ನಷ್ಟು ಇಳಿಯುತ್ತಿತ್ತು.

ಅಂಗಡಿಯಲ್ಲಿ ಯಾರೋ ಕರೆದರು. ಗಡಿಯಾರದವರು ಎದ್ದು ಹೋದರು. ಆಕೆ ಕನ್ನಡಕವನ್ನು ನನ್ನ ಕೈಗೆ ಕೊಟ್ಟರು.

“ಹಾಕಿ ನೋಡಿ.”

ಹಾಕಿದೆ. ಕೋಣೆ ಇದ್ದ ಹಾಗೇ ಇತ್ತು. ಬರೀ ಗಾಜು.

“ನಂಗೆ ಅಕ್ಷರ ಬರಲ್ಲ,” ಎಂದರು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಸಂಬಂಧ ಕುದುರುವಾಗ ನಮ್ಮಣ್ಣ ಏಳನೇ ಕ್ಲಾಸು ಅಂದುಬಿಟ್ಟ. ಮೂವತ್ತೊಂದು ವರ್ಷ ಆಯ್ತು. ಮೊದಲನೇ ವರ್ಷವೇ ಹೇಳಿದ್ರೆ ಅಣ್ಣನ ಸುಳ್ಳು ಅಂತ ಹೋಗಿರೋದು. ಆಮೇಲೆ ನನ್ನದೇ ಆಯ್ತು.”

“ಮತ್ತೆ ಈ ಯಂತ್ರ?”

“ದೀಪ ಇದೆಯಲ್ಲ. ಆಸ್ಪತ್ರೆ ನರ್ಸು ಒಂದೊಂದೇ ತೋರಿಸಿ ಹೇಳಿದ್ರು. ಒಂದು ಸಲ ಕೇಳಿದ್ರೆ ಸಾಕು ನಂಗೆ. ಮೇಲಿಂದ ಮೂರನೇದು ಹತ್ತಿದ್ರೆ ಒತ್ತಡ. ಐದನೇದು ಕೊಳವೆ ಮಡಚಿದ್ದು. ಹನ್ನೊಂದೂ ಬಾಯಿಪಾಠ. ದೀಪ ನೋಡ್ತೀನಿ, ಓದಿದ ಹಾಗೆ ಹೇಳ್ತೀನಿ.” ಆಮೇಲೆ ಕೇಳಿದರು: “ಹಳೇದೇ ಇರಲಿ ಅಂದ್ರೆ ಆಗಲ್ವಾ?”

ಅದರ ಬಿಡಿಭಾಗ ಮಾಡುವುದನ್ನು ನಿಲ್ಲಿಸಿದ್ದಾರೆ, ಮುಂದಿನ ವರ್ಷ ಆಸ್ಪತ್ರೆಯವರೇ ವಾಪಸ್ ಒಯ್ಯುತ್ತಾರೆ ಎಂದೆ.

“ಹಾಗಾದ್ರೆ ಇದನ್ನ ಬರೀತೀರಾ?”

ಬರೆದ ವರದಿಯ ಪ್ರತಿ ನಾವು ಹೋದ ಪ್ರತಿ ಮನೆಗೂ ಹೋಗುತ್ತದೆ. ಮನೆಯವರು ಓದಿ ಸಹಿ ಹಾಕಬೇಕು. ಈ ಮನೆಯಲ್ಲಿ ಓದುವವರು ಯಾರೆಂದು ಇಬ್ಬರಿಗೂ ಗೊತ್ತಿತ್ತು.

“ಬರೆಯದೇ ಇದ್ರೆ ದೀಪ ಇರಲ್ಲ,” ಎಂದೆ.

“ಬಾಯಿ ಬಿಟ್ರೆ ಬಣ್ಣಗೇಡು. ಬಿಡದಿದ್ರೆ ಅವರ ಜೀವ.” ಆಕೆ ಕನ್ನಡಕ ಹಾಕಿಕೊಂಡರು. “ನೀವು ಓದಿದವರು. ಅವರು ಕಣ್ಣು ಮುಚ್ಚಿದಾಗ ಆ ಅಕ್ಷರದ ಮುಂದೆ ನಿಲ್ಲೋಳು ನಾನು. ಅಷ್ಟು ನೆನಪಿಟ್ಕೊಳ್ಳಿ.”

ಶನಿವಾರ, ಭಾನುವಾರ ನಾನು ಬರೆದದ್ದು ಒಂದೇ ಪುಟ.

ಸೋಮವಾರ ಸಭೆ ಶುರುವಾಗುವ ಮೊದಲೇ ಎದ್ದು ನಿಂತು ಹೇಳಿದೆ: ನಾಲ್ಕನೇ ಮನೆಯ ಆ ಸಾಲನ್ನು ನಾನು ಕಂಡಿರಲಿಲ್ಲ, ಕೇಳಿದ್ದೆ; ಗೆರೆ ತಪ್ಪು. ನಂತರ ಹೊಸ ಪುಟ ಓದಿದೆ. ಏಳನೇ ಸನ್ನಿವೇಶ: ‘ಚಿಕ್ಕಮ್ಮನ ಬಳಿ ಕೆಲಸಕ್ಕೆ ಬರುವ ಕನ್ನಡಕವಿಲ್ಲ. ಗಂಡನಿಗೆ ಎಚ್ಚರವಿಲ್ಲ. ಪರದೆಯ ಮೇಲೆ ಸೂಚನೆ ಬಂದಿದೆ. ಅವಳು ಸದ್ದು ನಿಲ್ಲಿಸುವ ಗುಂಡಿ ಒತ್ತುತ್ತಾಳೆ.’ ಕೊನೆಯ ಸಾಲಿಗೆ ಕೆಂಪು ಗೆರೆಯಿತ್ತು, ಪಕ್ಕದಲ್ಲಿ ನಾಲ್ಕು.

“ಒಂದು ಕನ್ನಡಕಕ್ಕೆ ಹನ್ನೊಂದು ದೀಪನಾ?” ಎಂದ ಇಂಜಿನಿಯರ್. “ಮೂಗಿಗಿಂತ ಮೂಗುತಿ ಭಾರ ಆಯ್ತು. ಯಂತ್ರದ ಜೊತೆ ಒಂದು ಕನ್ನಡಕ ಕೊಟ್ಟುಬಿಡೋಣ, ಅಗ್ಗ.”

ಚಿತ್ರಗಾರ ನಕ್ಕ. ಮೇಷ್ಟ್ರು ನಗಲಿಲ್ಲ.

“ಇದನ್ನ ನೀವು ಕಣ್ಣಾರೆ ಕಂಡ್ರಾ?”

“ಕಂಡೆ. ಆ ಗುಂಡಿ ಒತ್ತಿದ್ದನ್ನ ಕಂಡೆ.”

“ಇನ್ನೊಂದು ಕನ್ನಡಕ ಕೊಟ್ರೆ ಸಾಕಾಗತ್ತಾ?”

“ಸಾಕಾಗಲ್ಲ.”

“ಯಾಕೆ?”

ನಾನು ಓದಿದ ಪುಟವನ್ನು ಅವರ ಮುಂದಿಟ್ಟೆ. ಮೇಷ್ಟ್ರು ಗೋಡೆಯ ಮೇಲಿನ ಮುಖವನ್ನು ನೋಡಿದರು. ತರಗತಿಯ ಕೊನೆಯ ಬೆಂಚಿನಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಪುಟ ಮಗುಚದ ಮಕ್ಕಳನ್ನು ಅವರು ಎಷ್ಟು ನೋಡಿದ್ದರೋ.

“ಜೀವಕ್ಕೆ ಬರೋ ತೊಂದರೆ ಎಷ್ಟು?” ಎಂದು ಇಂಜಿನಿಯರನ್ನು ಕೇಳಿದರು.

“ನಾಲ್ಕು.”

“ಆ ನಾಲ್ಕು ದೀಪ ವಾಪಸ್ ಹಾಕು. ಹಳೇ ಯಂತ್ರದಲ್ಲಿ ಯಾವುದು ಎಲ್ಲಿತ್ತೋ ಅಲ್ಲೇ. ದೀಪ ಹತ್ತಿದಾಗ ಒತ್ತಬೇಕಾದ ಗುಂಡಿನೂ ಅದರ ಪಕ್ಕದಲ್ಲೇ ಹತ್ತಲಿ. ಅಚ್ಚು ಮೂರು ವಾರ ತಡ ಆಗತ್ತೆ, ಆಗಲಿ.”

ಎದ್ದು ಹೋಗಿ ತಪ್ಪು ಸಾಲನ್ನು ತಾವೇ ಹೊಡೆದುಹಾಕಿದರು. ನನ್ನ ಕಡೆ ತಿರುಗದೆ, “ನಾಳೆಯಿಂದ ಮೇಜಿನ ಕೆಲಸ,” ಎಂದರು. ನಿಯಮ ನಿಯಮವೇ. ನನ್ನ ಮನೆಗಳನ್ನೆಲ್ಲ ಹೊಸದಾಗಿ ಸೇರಿದ ಹುಡುಗಿಗೆ ವಹಿಸಿದರು. ಚೂಟಿ, ಕಂಡದ್ದನ್ನೇ ಬರೆಯುವವಳು. ಕೆಂಪು ಪೆನ್ನನ್ನೂ ಅವಳಿಗೇ ಕೊಟ್ಟೆ.

ನಾಲ್ಕನೇ ಮನೆಗೆ ಮತ್ತೆ ನಾನು ಹೋಗಲಿಲ್ಲ. ಎಂಟು ತಿಂಗಳ ಮೇಲೆ ಹೊಸ ಯಂತ್ರ ಅಲ್ಲಿಗೆ ಹೋಯಿತು. ನರ್ಸು ಒಂದೊಂದು ದೀಪ ತೋರಿಸಿ, ಅದರ ಸೂಚನೆಯನ್ನು ಒಂದು ಸಲ ಓದಿ ಹೇಳಿದರಂತೆ. ಎರಡು ವಾರ ಕಳೆದು ಹುಡುಗಿಯ ಟಿಪ್ಪಣಿ ನನ್ನ ಮೇಜಿಗೆ ಬಂತು. ಎಲ್ಲರ ಟಿಪ್ಪಣಿಗಳನ್ನು ಒಪ್ಪ ಮಾಡಿ ಕಡತಕ್ಕೆ ಸೇರಿಸುವುದು ಈಗ ನನ್ನ ಕೆಲಸ.

ಅವಳು ಹೋಗಿದ್ದ ದಿನ, ಚಿಕಿತ್ಸೆ ಶುರುವಾಗಿ ಎರಡು ತಾಸಾದ ಮೇಲೆ ಗಡಿಯಾರದವರ ಒತ್ತಡ ನಿಜವಾಗಿಯೇ ಕುಸಿದಿತ್ತು. ಅವಳು ನಿಮಿಷಗಳನ್ನು ಬರೆದಿದ್ದಳು. ಹತ್ತು ಇಪ್ಪತ್ತೆರಡಕ್ಕೆ ಸೂಚನೆ. ಅದೇ ನಿಮಿಷದಲ್ಲಿ ಹೆಂಡತಿ ಸರಿಯಾದ ಗುಂಡಿ ಒತ್ತಿ, ಮಂಚದ ತಲೆಭಾಗ ಇಳಿಸಿ, ಕಾಲಿನ ಕೆಳಗೆ ದಿಂಬಿಟ್ಟರು. ಹತ್ತು ಮೂವತ್ತೊಂದಕ್ಕೆ ಗಂಡ ಕಣ್ಣು ಬಿಟ್ಟು, “ಎಷ್ಟು ಹೊತ್ತು ನಿಂತಿತ್ತು ನನ್ನ ಗಡಿಯಾರ?” ಎಂದು ಕೇಳಿದರು. ಅದರ ಕೆಳಗೆ ಇನ್ನೊಂದು ಸಾಲು:

‘ಹೆಂಡತಿ ಕನ್ನಡಕ ಹಾಕಿಕೊಂಡು ಪರದೆಯ ಸೂಚನೆಯನ್ನು ತಡವರಿಸದೆ ಗಟ್ಟಿಯಾಗಿ ಓದಿ ಹೇಳಿದರು.’

ಸಾಲಿನ ಕೆಳಗೆ ಕೆಂಪು ಗೆರೆ. ಹುಡುಗಿ ಕಣ್ಣಾರೆ ಕಂಡಿದ್ದಳು, ಕಿವಿಯಾರೆ ಕೇಳಿದ್ದಳು. ಅವಳು ತಪ್ಪು ಮಾಡಿರಲಿಲ್ಲ.

ತಿದ್ದುವ ಬಿಳಿ ಮಸಿ ಕೈಯಲ್ಲೇ ಇತ್ತು. ಕೆಳಗಿಟ್ಟೆ. ಮುಂದೊಂದು ದಿನ ಯಾರಾದರೂ ಈ ಗೆರೆಯನ್ನು ನಂಬಿ ಮತ್ತೆ ದೀಪ ತೆಗೆಯಲು ಹೊರಡಬಹುದು. ಅದಕ್ಕೆ ಅಂಚಿನಲ್ಲಿ ಸೀಸದಕಡ್ಡಿಯಿಂದ, ‘ಏಳನೇ ಸನ್ನಿವೇಶ ನೋಡದೆ ಈ ಸಾಲನ್ನು ಬಳಸಬಾರದು’ ಎಂದು ಬರೆದು, ಹಾಳೆಯನ್ನು ಕಡತಕ್ಕೆ ಸೇರಿಸಿದೆ.