ಕಪ್ಪು ಬಣ್ಣದ ಕೆಳಗೆ

ಲಾರಿಯ ಬಾನೆಟ್ ಬಿಸಿಯಾಗಿದೆ, ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ, ಬೆಳಿಗ್ಗೆ ಎಂಟಕ್ಕೆ ಬರ್ತೀನಿ ಇಂಜಿನ್ ತಣ್ಣಗಿರಲಿ ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದೆ, ಆದರೂ ಹಳೇ ಲಾರಿ ಮಾರುವ ಈ ವೆಂಡೆಲ್ ಓಡಿಸಿಟ್ಟಿದ್ದಾನೆ, ತಣ್ಣಗಿದ್ದಾಗ ಲಾರಿ ಎಷ್ಟು ಕೆಮ್ಮುತ್ತದೆ, ಎಷ್ಟು ಬಿಳಿ ಹೊಗೆ ಕಾರುತ್ತದೆ ಎಂದು ನನಗೆ ತಿಳಿಯಬಾರದಲ್ಲ, ಮೇಲೆ ನಗು ಬೇರೆ — ಅದೂ ನನ್ನ ಕಡೆಗಲ್ಲ, ಎಫ್ರಾಯಿನ್ ಕಡೆಗೆ, ನನ್ನ ತಂಗಿಯ ಗಂಡ, ಒಡೆಸ್ಸಾದಲ್ಲಿ ಬೇಕರಿ ಇಟ್ಟವನು, ಲಾರಿ ಕೊಂಡರೆ ನನ್ನ ಕಾರನ್ನು ವಾಪಸ್ ಓಡಿಸಲಿಕ್ಕೆಂದು ಜೊತೆಗೆ ಬಂದವನು, ಅವನಿಗೆ ಹೇಳುತ್ತಿದ್ದಾನೆ ವೆಂಡೆಲ್, ಎಣ್ಣೆ ಬಾವಿ ಕೆಲಸಕ್ಕೆ ಹೇಳಿ ಮಾಡಿಸಿದ ಗಾಡಿ ಗುರುವೇ, ಮೇಡಂಗೆ ಒಳಗಡೆ ತೋರಿಸ್ಲಾ, ಮಲಗೋ ಜಾಗಕ್ಕೆ ಹೊಸ ಪರದೆ ಹಾಕ್ಸಿದೀನಿ. ಪರದೆಯಂತೆ! ಹನ್ನೊಂದು ವರ್ಷ ಬೇರೆಯವರ ಟ್ಯಾಂಕರಿನಲ್ಲಿ ಬಾವಿಗಳ ಉಪ್ಪುನೀರು ಸಾಗಿಸಿದವಳಿಗೆ ಪರದೆ! ಎಫ್ರಾಯಿನ್ ಪಾಪ ಕೆಂಪಾಗಿ, ಗಾಡಿ ಅಕ್ಕನಿಗೆ ಸ್ವಾಮಿ, ನನಗೆ ಬ್ರೆಡ್ ಬಿಟ್ರೆ ಏನೂ ಗೊತ್ತಿಲ್ಲ, ಅಂದ, ವೆಂಡೆಲ್ ಅದನ್ನೂ ಜೋಕು ಅಂದುಕೊಂಡು ಅವನ ಬೆನ್ನು ತಟ್ಟಿದ, ನಗ್ತಾ ಇರು, ನಾನು ರಟ್ಟು ಹಾಸಿ ಲಾರಿಯ ಕೆಳಗೆ ಜಾರುತ್ತೇನೆ, ಬೆನ್ನಿಗೆ ಜಲ್ಲಿ ಚುಚ್ಚುತ್ತದೆ, ಮೂಗಿಗೆ ಬಣ್ಣದ ವಾಸನೆ. ಹೊಸ ಬಣ್ಣ. ಚಾಸಿಯ ಉದ್ದಕ್ಕೂ ಕಪ್ಪು, ಟ್ರೇಲರ್ ಕೂರುವ ಜಾಗದ ಹಿಂದೆ ಮಾತ್ರ ಒಂದು ಗೇಣು ಉದ್ದಕ್ಕೆ ದಪ್ಪಗೆ ಬಳಿದಿದ್ದಾರೆ, ಮನೆ ಕೀಲಿಯಿಂದ ಕೆರೆದೆ — ರೀ ಮೇಡಂ, ಬಣ್ಣ ಹೋಗುತ್ತೆ! — ಹೋಗಲಿ, ಹೋಗಲೆಂದೇ ಕೆರೆಯೋದು, ಬಣ್ಣದಡಿ ವೆಲ್ಡಿಂಗ್ ಗಂಟು, ಅದರ ಪಕ್ಕದಲ್ಲಿ ಕೂದಲೆಳೆಯ ಬಿರುಕು, ತುಕ್ಕು ಇಣುಕುತ್ತಿದೆ. ಮೇಲೆ ಹೊಳೆಯೋದನ್ನ ನೋಡ್ಬೇಡ ಒಫೀಲಿಯಾ, ಕೆಳಗೆ ಮಲ್ಕೊಂಡು ನೋಡು, ಎನ್ನುತ್ತಿದ್ದ ರೊಗೆಲಿಯೊ, ನನಗೆ ಈ ಕೆಲಸ ಕಲಿಸಿದವನು, ಅವನ ಲಾರಿ ಪೆಕೋಸ್ ರಸ್ತೆಯಲ್ಲಿ ತುಂಬಿದ ಟ್ಯಾಂಕಿನ ಸಮೇತ, ಚಾಸಿಯ ಇದೇ ಜಾಗದಲ್ಲಿ ಮುರಿಯಿತು, ಕಂಪನಿಯವರು ಬರೆದರು, ಚಾಲಕ ನಿದ್ದೆ ಹೋಗಿದ್ದ ಅಂತ, ನಿದ್ದೆ! ಹತ್ತು ನಿಮಿಷ ಮುಂಚೆ ರೇಡಿಯೋದಲ್ಲಿ, ನಿನ್ನ ಕೈಯ ತಮಾಲೆ ಕಡುಬು ತಿಂದ್ರೆ ಟೈರಿಗೂ ಹೊಟ್ಟೆನೋವು ಬರುತ್ತೆ ಕಣೇ, ಎಂದು ನನ್ನನ್ನು ರೇಗಿಸುತ್ತಿದ್ದವನು ನಿದ್ದೆ ಹೋದನಂತೆ, ಅದನ್ನೇ ಅವನ ಹೆಂಡತಿ ನಿಯೆವೆಸ್‌ಗೆ ಸ್ಮಶಾನದಲ್ಲಿ ನಿಂತು ಹೇಳಿದರು, ಅವಳು ನನ್ನ ಮುಖ ನೋಡಿದಳು, ನಾನು ಬಾಯಿ ಬಿಡಲಿಲ್ಲ, ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ ನಾನು. ವೆಂಡೆಲ್ ಬೂಟು ಕಿರುಗುಟ್ಟಿಸಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ, ಮೊದಲ ಸಲ ನನ್ನ ಮುಖ ನೋಡಿ, ದನಿ ಇಳಿಸಿ, ನಿಮಗೆ ಕೆಲಸ ಗೊತ್ತು ಮೇಡಂ, ಒಪ್ಪಿದೆ, ಶೆಡ್ಡಲ್ಲಿ ಒಂದು ನೀಲಿ ಗಾಡಿ ಇದೆ, ಮನೆಯವರಿಗೆ ಅಂತ ಇಟ್ಕೊಂಡಿದ್ದು, ಒಂದು ಗೀರಿಲ್ಲ, ಇವತ್ತೇ ನಿಮಗೆ, ಇದರ ಮಾತು ಮಾತ್ರ ಇಲ್ಲಿಗೇ ಇರಲಿ, ಇದನ್ನ ಕೊಳ್ಳೋಕೆ ಹೊರಗಡೆ ಒಬ್ಬರು ಕಾಯ್ತಿದಾರೆ. ನೋಡಿದ್ದೇನೆ ಕಾಯುವವರನ್ನು, ಹಳದಿ ಟೋಪಿಯ ಗಂಡ, ತುಂಬು ಬಸುರಿ ಹೆಂಡತಿ, ಅವಳು ಆಗಲೇ ಈ ಲಾರಿ ಹತ್ತಿ ಒಳಗೆ ಕೂತು ಆ ಪರದೆ ಎಳೆದು ನೋಡಿ ನಕ್ಕಿದ್ದಳು. ನೀಲಿ ಗಾಡಿ, ನನ್ನದೇ ಗಾಡಿ, ಇನ್ನು ಯಾವ ಕಂಪನಿಯವನಿಗೂ ತಲೆ ಬಾಗಿಸಬೇಕಿಲ್ಲ, ಗಂಟಲಲ್ಲಿ ಹೂಂ ಬಂದೇಬಿಟ್ಟಿತ್ತು — ಥೂ ಇವನ, ನನ್ನನ್ನೂ ಬಣ್ಣ ಬಳಿಯೋಕೆ ಕರೀತಾನಲ್ಲ, ಏ ಹಳದಿ ಟೋಪಿಯವ್ರೇ, ಬನ್ನಿ ಇಲ್ಲಿ, ನನ್ನ ಪಕ್ಕ ಮಲಗಿ ನೋಡಿ, ಕೂಗಿದ್ದು ನಾನೇ, ಎದ್ದೇಳ್ರೀ ಮೇಡಂ, ನನ್ನ ಅಂಗಳದಿಂದ ಆಚೆ ಹೋಗ್ರಿ, ನಿಮಗೆ ಇಲ್ಲಿ ಒಂದು ನಟ್ಟೂ ಸಿಗಲ್ಲ, ವೆಂಡೆಲ್ ಅರಚಿದ, ಬೇಡ, ನೀನೇ ಇಟ್ಕೋ, ಎಫ್ರಾಯಿನ್ ತನ್ನ ದಪ್ಪ ಮೈಯನ್ನು ವೆಂಡೆಲ್‌ಗೆ ಅಡ್ಡ ನಿಲ್ಲಿಸಿದ್ದಾನೆ, ಆ ಮನುಷ್ಯ ಟೋಪಿ ತೆಗೆದಿಟ್ಟು ತೆವಳಿ ಬಂದ, ಏನಕ್ಕಾ, ಎಲ್ಲಿ, ಇಲ್ಲಿ ಕಣಪ್ಪ, ಬೆರಳಿಡು, ಅವನ ಬೆರಳು ಹಿಡಿದು ಇಡುತ್ತೇನೆ, ನಿಧಾನವಾಗಿ ಎಳೆಯುತ್ತೇನೆ, ಅವನ ಉಗುರು ಸಿಕ್ಕಿಕೊಂಡಿದೆ, ಬಿರುಕು, ಕೂದಲೆಳೆಯಷ್ಟು, ಬಿರುಕು —