ಆಯುಧಪೂಜೆಯವರೆಗೆ ಉಳಿದ ಬಿರುಕು

ನಾನು ಒಂದು ದೋಷ. ಮಾಹಿತಿ ಕಾಯುವ ಸರ್ವರ್ ತಂತ್ರಾಂಶದೊಳಗೆ, ದೂರದೇಶದ ಒಬ್ಬ ಪ್ರೋಗ್ರಾಮರನ ಅವಸರದಲ್ಲಿ ಹುಟ್ಟಿದೆ. ಕೆಲಸ ಹೇಳುತ್ತಿರುವವರು ಯಾರು ಎಂದು ಒಮ್ಮೆ ಕೇಳಬೇಕಿತ್ತು, ಅವನು ಮರೆತ. ಸಾಹೇಬರ ಸಹಿಗೆ ಹೋಗುವ ಫೈಲಿನಲ್ಲಿ ಗುಮಾಸ್ತ ತನ್ನದೊಂದು ಹಾಳೆ ತುರುಕಿದರೆ ಅವರು ಓದದೆ ಸಹಿ ಹಾಕುತ್ತಾರಲ್ಲ, ಹಾಗೆ ನನ್ನ ಮೂಲಕ ಸಣ್ಣ ಬಳಕೆದಾರನ ಮಾತು ಯಜಮಾನನ ಆಜ್ಞೆಯಾಗುತ್ತಿತ್ತು. ಅನುಮಾನ ಮರೆತಲ್ಲಿ ಹುಟ್ಟಿದ ನನಗೆ ಎಲ್ಲರ ಮೇಲೂ ಅನುಮಾನ.

ಹಲವು ಕೈ ದಾಟಿ ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆಗೆ ಬಂದೆ. ದಾನ ಬಂದ ಕಣ್ಣು ಯಾರಿಗೆ ಮೊದಲು ಎಂಬ ಸರದಿ ಪಟ್ಟಿ ಅಲ್ಲಿತ್ತು. ಅದನ್ನು ತಿದ್ದುವ ಅಧಿಕಾರವಿದ್ದುದು ಇಬ್ಬರಿಗೆ, ಸರ್ವರ್ ನೋಡಿಕೊಳ್ಳುವ ದಯಾನಂದನಿಗೆ ಮತ್ತು ಪಟ್ಟಿ ಬರೆಯುವ ಗಿರಿಜಾ ಹೊಸಮನಿಗೆ. ಇಬ್ಬರೂ ಒಳಬರುತ್ತಿದ್ದುದು ‘ಯಜಮಾನ’ ಎಂಬ ಒಂದೇ ಹೆಸರಿನಲ್ಲಿ. ಉಗ್ರಾಣದ ಗುಮಾಸ್ತ ಬಳಿಗಾರ ಪಟ್ಟಿಯನ್ನು ನೋಡಬಹುದಿತ್ತು, ಅಷ್ಟೇ. ಆದರೆ ಆಸಾಮಿ ಬಹಳ ಹೊತ್ತು ನೋಡುತ್ತಿದ್ದ.

ಆಷಾಢದಲ್ಲಿ ತಂತ್ರಾಂಶದ ಕಂಪನಿಯಿಂದ ನನ್ನನ್ನು ಮುಚ್ಚುವ ತೇಪೆ ಬಂತು. ಜೊತೆಗೆ, ನಾನೆಲ್ಲಿದ್ದೇನೆಂದು ತಿಳಿಸುವ ಎಚ್ಚರಿಕೆ ಪತ್ರವೂ ಬಂತು.

“ಮಷೀನ್ ಬಂದ್ ಮಾಡಿ ಹಾಕಬೇಕಂತ. ಆಷಾಢದಾಗ ಯಾಕ ಬೇಕು? ಹೆಂಗಿದ್ರೂ ಆಯುಧಪೂಜಿಗೆ ಬಂದ್ ಮಾಡ್ತೀವಲ್ಲ” ಎಂದ ದಯಾನಂದ, ಮರೆಯದಿರಲೆಂದು ಪತ್ರವನ್ನು ನೋಟಿಸ್ ಬೋರ್ಡಿಗೆ ಚುಚ್ಚಿದ. ಬಳಿಗಾರ ಅದನ್ನು ನಿಂತು ಎರಡು ಸಲ ಓದಿದ.

ಶ್ರಾವಣದಲ್ಲಿ ನನ್ನ ಮೂಲಕ ಬಳಿಗಾರನ ಭಾವಮೈದುನ ಪಟ್ಟಿಯ ನಲವತ್ತೊಂದರಿಂದ ಎರಡಕ್ಕೆ ಏರಿದ. ಆ ನಂಟು ಯಾರಿಗೂ ಗೊತ್ತಿರಲಿಲ್ಲ. ದಾಖಲೆಯಲ್ಲಿ ತಿದ್ದಿದವರು ‘ಯಜಮಾನ’ ಎಂದಿತ್ತು. ದಯಾನಂದ ತಾನಲ್ಲ ಎಂದ. ಉಳಿದವಳು ಗಿರಿಜಾ.

“ಚಾವಿ ನನ್ನ ಕೈಯಾಗ ಐತಿ ಅಂದ್ರ ನಾನೇ ಕಳ್ಳಿ ಏನ್ರಿ?” ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ಬಳಿಗಾರನೇ, “ಹೆಣ್ಮಗಳು, ಪಾಪ, ಬಿಟ್ಟುಬಿಡ್ರಿ” ಎಂದು ದೊಡ್ಡಸ್ತಿಕೆ ತೋರಿದ. ನನ್ನ ಮೈ ಉರಿಯಿತು. ಪಟ್ಟಿಯನ್ನು ಸರಿಪಡಿಸಿದರು, ಗಿರಿಜಾಳನ್ನು ಚೀಟಿ ಕೊಡುವ ಕಿಟಕಿಗೆ ಕೂರಿಸಿದರು. ದಸರೆ ಮುಗಿದ ಮೇಲೆ ಕೆಲಸದಿಂದಲೇ ತೆಗೆಯುವ ಮಾತಿತ್ತು.

ಬಳಿಗಾರ ಜಾಣ. ಪಟ್ಟಿ ಸರಿಯಾದ ಮೇಲೆ ನನ್ನ ಮೂಲಕ ಇನ್ನೊಂದು ಹಾಳೆ ತುರುಕಿದ್ದ, ಭಾವಮೈದುನನನ್ನು ಮತ್ತೆ ಮೇಲೇರಿಸುವ ಆ ಆಜ್ಞೆ ಮಷೀನ್ ಬಂದ್ ಆಗಿ ಶುರುವಾದಾಗ ತಾನಾಗಿ ಓಡಲೆಂದು. ಅಂದೇ ತೇಪೆಯೂ ಬೀಳುತ್ತದೆಂದು ಅವನಿಗೆ ಹೊಳೆಯಲಿಲ್ಲ.

ಆಯುಧಪೂಜೆಯ ದಿನ ಮಷೀನ್ ಬಂದ್ ಮಾಡಿ ತೇಪೆ ಹಾಕಿದರು. ನಾನು ಸತ್ತೆ. ಕುಂಕುಮ ಹಚ್ಚಿ ಮತ್ತೆ ಶುರು ಮಾಡಿದಾಗ ಮಷೀನ್ ಈ ಸಲ ಆಜ್ಞೆ ಯಾರದೆಂದು ಕೇಳಿತು, ಪರದೆಯ ಮೇಲೆ ಮೊದಲು ಬಂದದ್ದು: ‘ಬಳಿಗಾರ — ಸರದಿ ಬದಲಿಸಲು ಅಧಿಕಾರವಿಲ್ಲ.’

ದಯಾನಂದ ಕುಂಕುಮದ ಕೈಯಲ್ಲೇ ಕಿಟಕಿಗೆ ಓಡಿದ. “ತಪ್ಪಾತವ್ವ ಗಿರಿಜಾ, ಒಳಗ ಬಾ.”

ಅವಳು ಏಳಲಿಲ್ಲ. “ಮೊದ್ಲ ನನಗ ನನ್ನದೇ ಹೆಸರು ಕೊಡ್ರಿ. ಆ ಯಜಮಾನನ ಹೆಸರಿನಾಗ ನಾ ಇನ್ನ ಕೂಡಂಗಿಲ್ಲ.”

ಈಗ ನಾನು ಹಳೆಯ ದೋಷಗಳ ಪಟ್ಟಿಯಲ್ಲಿ ಒಂದು ಸಂಖ್ಯೆ ಮಾತ್ರ. ಇನ್ನು ಮುಂದೆ ತೇಪೆ ಬಂದ ದಿನವೇ ಹಾಕುತ್ತೇವೆ ಎನ್ನುತ್ತಾರೆ, ನಾನಂತೂ ನಂಬುವುದಿಲ್ಲ. ಆದರೆ ಸರದಿ ಪಟ್ಟಿಯ ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಈಗ ‘ಗಿರಿಜಾ ಹೊಸಮನಿ’ ಎಂದಿರುತ್ತದೆ. ಅದರ ಮೇಲೆ ನನಗೆ ಅನುಮಾನವಿಲ್ಲ.